ಇಲ್ಲಿಯವರೆಗೆ ಸರಿ

ಜನವರಿ 19

ನನ್ನ ತಮ್ಮನ ಹೆಂಡತಿಗೆ,

ನಾನು ಕ್ಷೇಮ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ನನಗಿಂತ ಚೆನ್ನಾಗಿ ಮಾತನಾಡುತ್ತೀಯ. ಕೇಳಬೇಕೆಂದದ್ದು ಬಾಯಿಗೆ ಬರುವಷ್ಟರಲ್ಲಿ ಊಟ ಆಯಿತಾ, ಮಂಡಿನೋವು ಹೇಗಿದೆ ಎಂಬಲ್ಲಿಗೆ ಮಾತು ಮುಗಿದುಹೋಗಿರುತ್ತದೆ. ದಿನವೂ ನಾಲ್ಕು ಸಾಲು ಬರೆದುಕೊಳ್ಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಇವತ್ತಿನದನ್ನು ನಿನಗೆ ಬರೆಯುತ್ತಿದ್ದೇನೆ.

ಅವನು ಹೋಗಿ ಮೂರು ತಿಂಗಳಾಯಿತು. ಅಂತ್ಯಕ್ರಿಯೆಯ ದಿನ ನಿಮ್ಮ ಆಫೀಸಿನವರು ಬಂದಿದ್ದರಲ್ಲ, ಎಲ್ಲರ ಬಾಯಲ್ಲೂ ಮೇಷ್ಟ್ರು, ಮೇಷ್ಟ್ರು. ಯಾರೋ ಶಾಲೆಯವರು ಸತ್ತಿರಬೇಕು, ಇವರು ಜಾಗ ತಪ್ಪಿ ಬಂದಿದ್ದಾರೆ ಎಂದುಕೊಂಡೆ. ಆಮೇಲೆ ತಿಳಿಯಿತು, ಅವರು ಹೇಳುತ್ತಿದ್ದದ್ದು ನನ್ನ ತಮ್ಮನನ್ನು. ಅಮ್ಮ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅಲ್ಲಿಂದ ಸಾಕಿದವಳು ನಾನು. ನನಗೆ ಗೊತ್ತಿಲ್ಲದ ಒಂದು ಹೆಸರಿನಲ್ಲಿ ಅವನು ಇಷ್ಟು ವರ್ಷ ಓಡಾಡಿಕೊಂಡಿದ್ದ. ಆ ಗಡ್ಡದವನು ನನ್ನ ಪಕ್ಕದಲ್ಲೇ ನಿಂತು ನಿನ್ನನ್ನು ಕೇಳಿದ, "ಈ ಅಮ್ಮ ಯಾರು?" ನೀನು "ಅವರ ಅಕ್ಕ" ಎಂದೆ. ಅಷ್ಟೇ ಹೇಳಿ ಅವನ ಜೊತೆ ಆ ಕಡೆ ಹೋದೆ. ಅವರೆಲ್ಲ ಒಂದೊಂದು ಕಥೆ ಹೇಳಿ ಅತ್ತರು, ನಡುನಡುವೆ ನಕ್ಕರು. ನನ್ನ ಹತ್ತಿರ ಇದ್ದ ಕಥೆಗಳಲ್ಲಿ ಅವನು ಚಡ್ಡಿ ಹಾಕಿಕೊಂಡಿದ್ದ. ಅವನ್ನು ಕೇಳುವವರು ಅಲ್ಲಿರಲಿಲ್ಲ.

ಅವನ ಕಂದು ಕೋಟನ್ನು ನಿಮ್ಮ ಆಫೀಸಿನ ಕಾವಲುಗಾರನಿಗೆ ಕೊಟ್ಟೆಯೆಂದು ಕೇಳಿದೆ. ಅದರ ಒಳಪದರ ಹೊಲಿದವಳು ನಾನು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹಗಲೆಲ್ಲ ಹರಿದ ಹಾಸಿಗೆ ಬಟ್ಟೆಗೆ ತೇಪೆ ಹಾಕಿ, ಮನೆಗೆ ಬಂದು ಅದನ್ನು ಹೊಲಿದಿದ್ದೆ. ಇರಲಿ.

ಕೇಳಬೇಕೆಂದದ್ದು ಇದು. ಅವನು ದಿನವಿಡೀ ಏನು ಮಾಡುತ್ತಿದ್ದ? ನಾನು ಕೇಳಿದಾಗಲೆಲ್ಲ "ಲೆಕ್ಕ ಸರೀನಾ ಅಂತ ನೋಡೋ ಕೆಲಸ ಅಕ್ಕ" ಎನ್ನುತ್ತಿದ್ದ. ಫೋನೂ ಅಪರೂಪ. "ನಾನು ಫೋನ್ ಮಾಡ್ಲಿಲ್ಲ ಅಂದ್ರೆ ಚೆನ್ನಾಗಿದೀನಿ ಅಂತ ತಿಳ್ಕೋ" ಎನ್ನುತ್ತಿದ್ದ. ಹಾಗೆಯೇ ತಿಳಿದುಕೊಂಡಿದ್ದೆ. ಮಾತೆಲ್ಲ ಎಲ್ಲಿ ಖರ್ಚಾಗುತ್ತಿತ್ತೆಂದು ನನಗೆ ಗೊತ್ತು. ನೀವಿಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿ ಒಂದೇ ಮನೆಗೆ ಹೋಗುತ್ತಿದ್ದಿರಿ. ಆ ಮಾತಿನಲ್ಲಿ ಸ್ವಲ್ಪ ನನಗೆ ಕೊಡು. ಬಟ್ಟೆ, ಪೆನ್ನು ಬೇಡ.

ಇಂತಿ,
ನಿನ್ನ ಗಂಡನ ಅಕ್ಕ


ಫೆಬ್ರವರಿ 4

ಅಕ್ಕ,

ಕೋಟು ಕೊಟ್ಟದ್ದು ನಿಜ. ಬಾಗಿಲ ಹಿಂದೆ ತೂಗುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ಅವರೇ ಸರಿದು ನಿಂತಂತೆ ಕಾಣುತ್ತಿತ್ತು, ತಡೆಯಲಾಗಲಿಲ್ಲ. ಒಳಪದರ ನಿಮ್ಮದೆಂದು ಅವರು ಹೇಳಿರಲಿಲ್ಲ. ನನಗೂ ಎಲ್ಲವನ್ನೂ ಹೇಳುತ್ತಿರಲಿಲ್ಲ ಅಕ್ಕ. ನೀವು ನಂಬುವುದಿಲ್ಲ.

ಕೆಲಸದ ಬಗ್ಗೆ ಕೇಳಿದ್ದೀರಿ. ಶಾಲೆಯಲ್ಲಿ ಪ್ರಮೇಯ, ಅದರ ಕೆಳಗೆ ಸಾಧನೆ ಎಂದು ಬರೆಸುತ್ತಿದ್ದರಲ್ಲ, ಅಂಥ ಸಾಧನೆಗಳನ್ನು ಸಾಲು ಸಾಲಾಗಿ ಪರೀಕ್ಷಿಸುವ ಪ್ರೋಗ್ರಾಮ್ ನಮ್ಮದು. ಈ ಸಾಲಿನಿಂದ ಮುಂದಿನ ಸಾಲು ನಿಜವಾಗಿಯೂ ಬರುತ್ತದೆಯೋ, ಬರೆದವರು ನಡುವೆ ಹಾರಿಬಿಟ್ಟಿದ್ದಾರೋ ಎಂದು ಅದು ನೋಡುತ್ತದೆ. ಎಲ್ಲ ಸರಿಯಿದ್ದರೆ ಏನೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಎಡವಿದ ಕಡೆ ಮಾತ್ರ ಬಾಯಿ ಬಿಡುತ್ತದೆ.

ಆ ಪ್ರೋಗ್ರಾಮನ್ನೇ ನಂಬುವುದು ಹೇಗೆ? ಅದಕ್ಕೆ ಟೆಸ್ಟುಗಳಿವೆ. ನಾವೇ ಬರೆದಿಟ್ಟ ಸಾವಿರಾರು ಪುಟ್ಟ ಸಾಧನೆಗಳು. ಕೆಲವು ಸರಿಯಾದವು, ಕೆಲವು ಬೇಕೆಂದೇ ತಪ್ಪು ಮಾಡಿದವು. ಒಂದೊಂದರ ಪಕ್ಕದಲ್ಲೂ ಇನ್ನೊಂದು ಫೈಲು, ಇದಕ್ಕೆ ಪ್ರೋಗ್ರಾಮ್ ಏನು ಹೇಳಬೇಕು ಎಂಬುದು. ಸರಿಯಾದ ಸಾಧನೆಯ ಪಕ್ಕದ ಫೈಲು ಖಾಲಿ. ದಿನಾ ಬೆಳಿಗ್ಗೆ ಎಲ್ಲವನ್ನೂ ಓಡಿಸುತ್ತೇವೆ. ಹೇಳಬೇಕಾದದ್ದಕ್ಕೂ ಹೇಳಿದ್ದಕ್ಕೂ ಒಂದಕ್ಷರ ಬೇರೆಯಾದರೂ ಪರದೆಯ ಮೇಲೆ ಕೆಂಪು, ಒಂದೇ ಆಗಿದ್ದರೆ ಹಸಿರು.

ಹೇಳಬೇಕಾದದ್ದನ್ನು ಯಾರೂ ಕೂತು ಬರೆಯುವುದಿಲ್ಲ. ಪ್ರೋಗ್ರಾಮ್ ಒಮ್ಮೆ ಹೇಳಿದ್ದನ್ನು ಮನುಷ್ಯರೊಬ್ಬರು ಓದಿ, ಸರಿಯೆನಿಸಿದರೆ ಹಾಗೆಯೇ ಪಕ್ಕದ ಫೈಲಿನಲ್ಲಿ ಹಿಡಿದಿಡುತ್ತಾರೆ. ಒಂದೊಂದಾಗಿ ಹಿಡಿದಿಡಬಹುದು. ಒಂದೇ ಸಲಕ್ಕೆ ಎಲ್ಲವನ್ನೂ ಹಿಡಿದಿಡುವ ಆಜ್ಞೆಯೂ ಇದೆ. ನಿಮ್ಮ ತಮ್ಮ ಅದನ್ನು ಒಮ್ಮೆಯೂ ಮುಟ್ಟಿದವರಲ್ಲ. "ಓದದೆ ಹಿಡಿದಿಟ್ರೆ ಟೆಸ್ಟು ತಪ್ಪಿಗೇ ಕಾವಲು ಕೂತ್ಕೊಳ್ಳುತ್ತೆ" ಎಂದು ಹೊಸದಾಗಿ ಬಂದವರಿಗೆಲ್ಲ ಪಾಠ ಹೇಳುತ್ತಿದ್ದರು. ಮೇಷ್ಟ್ರು ಎಂಬ ಹೆಸರು ಬಂದದ್ದು ಹಾಗೆ. ಇಟ್ಟವನು ಆ ಗಡ್ಡದವನೇ.

ಮಾತು ಕೊಡು ಎಂದಿರಿ. ಒಂದು ಕೊಡುತ್ತೇನೆ. ಸಾಧನೆ ಎಡವಿದಾಗ ಪ್ರೋಗ್ರಾಮ್ ಹೇಳುವ ವಾಕ್ಯ ಅವರು ಬರೆದದ್ದು. ಎಂಟುನೂರು ಚಿಲ್ಲರೆ ಫೈಲುಗಳಲ್ಲಿ ಅದೇ ಇದೆ:

"ಇಲ್ಲಿಯವರೆಗೆ ಸರಿ. ಮುಂದಿನದು ನನಗೆ ಕಾಣುತ್ತಿಲ್ಲ."

ಬೇರೆ ಕಡೆಯ ಪ್ರೋಗ್ರಾಮುಗಳು ತಪ್ಪು, ದೋಷ ಎಂದು ಗದರುತ್ತವೆ. ಇದು ಹಾಗಲ್ಲ. ಇದನ್ನು ಓದಿದಾಗ ಅವರ ಧ್ವನಿಯೇ ಕೇಳುತ್ತದೆ. ಯಾಕೆಂದು ಇನ್ನೊಮ್ಮೆ ಹೇಳುತ್ತೇನೆ, ಅಥವಾ ಹೇಳುವುದಿಲ್ಲ. ಅಷ್ಟು ನನಗಿರಲಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ


ಫೆಬ್ರವರಿ 11

ನನ್ನ ತಮ್ಮನ ಹೆಂಡತಿಗೆ,

ನಿನ್ನ ಪತ್ರ ಕೆಲಸಕ್ಕೆ ಹೊರಟಾಗ ಬಂತು. ಬಟ್ಟೆ ಕೋಣೆಯಲ್ಲಿ, ಇಸ್ತ್ರಿ ಯಂತ್ರದ ಪಕ್ಕ ನಿಂತು ಓದಿದೆ. ಆ ವಾಕ್ಯ ಓದಿ ಕೂತುಬಿಟ್ಟೆ. ಜೊತೆಯವಳು ಯಾರಾದರೂ ಹೋದರಾ ಎಂದು ಕೇಳಿದಳು. ಇಲ್ಲ, ಬಂದರು ಎಂದೆ.

ಆ ಮಾತು ನಿನ್ನ ಗಂಡನದಲ್ಲ. ನನ್ನದು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಅವನು ಹೊಲಿಗೆ ಯಂತ್ರದ ಕೆಳಗೆ, ನನ್ನ ಕಾಲಿನ ಪಕ್ಕ ಕೂತು ಲೆಕ್ಕ ಮಾಡುತ್ತಿದ್ದ. ಮಾಡಿ ಮುಗಿಸಿದ್ದನ್ನು ಮೇಲಕ್ಕೆ ಚಾಚಿ "ನೋಡಕ್ಕ" ಎನ್ನುತ್ತಿದ್ದ. ಅವನು ಎಂಟಕ್ಕೆ, ಒಂಬತ್ತಕ್ಕೆ ಹೋದಂತೆ ನನಗೆ ಪುಟದ ಅರ್ಧ ಮಾತ್ರ ತಿಳಿಯುತ್ತಿತ್ತು. ತಿಳಿದಷ್ಟನ್ನು ಬೆರಳಿಟ್ಟು ಓದಿ ಹೇಳುತ್ತಿದ್ದೆ, "ಇಲ್ಲಿವರೆಗೆ ಸರಿ. ಮುಂದಿಂದು ನಂಗೆ ಕಾಣ್ತಿಲ್ಲ." ಅವನು ಆ ಜಾಗಕ್ಕೆ ಹೋಗಿ ಮತ್ತೆ ಮಾಡುತ್ತಿದ್ದ. ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತಿತ್ತು.

ನಿನ್ನನ್ನು ನೋಡುವುದಕ್ಕೆ ಎಷ್ಟೋ ವರ್ಷ ಮೊದಲು ಅದು ಅವನ ಕಿವಿಗೆ ಬಿದ್ದ ಮಾತು. ಅವನ ಧ್ವನಿ ಕೇಳುತ್ತದೆ ಎಂದು ಬರೆದಿದ್ದೀಯ. ಇನ್ನೊಮ್ಮೆ ಓದು. ನಿನಗೆ ಕೇಳುತ್ತಿರುವುದು ನಾನು. ಪ್ರತಿದಿನ ಬೆಳಿಗ್ಗೆ ನಿಮ್ಮ ಆಫೀಸಿನಲ್ಲಿ ಎಂಟುನೂರು ಸಲ ಮಾತನಾಡುತ್ತಿರುವವಳು ನಾನು.

ಅಷ್ಟು ನನಗಿರಲಿ ಎಂದೆಯಲ್ಲ, ಆ ಅಷ್ಟು ಏನು?

ಇಂತಿ,
ಅವನ ಅಕ್ಕ


ಏಪ್ರಿಲ್ 22

ಅಕ್ಕ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಈ ಪತ್ರ ಮುಗಿಯುವಷ್ಟರಲ್ಲಿ ಯಾಕೆಂದು ನಿಮಗೆ ತಿಳಿಯುತ್ತದೆ.

ಮೊದಲು ಆ ಅಷ್ಟು. ನಾವು ಒಂದು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕೆಲಸ ಮಾಡಿದ್ದೆವು. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ನಾನೇ ಕೇಳಿದೆ, ನಮ್ಮಿಬ್ಬರದು ಏನು ಅಂತ. ಅವರು, "ಇಲ್ಲಿವರೆಗೆ ಸರಿ. ಮುಂದಿಂದು ನಂಗೆ ಕಾಣ್ತಿಲ್ಲ" ಎಂದರು. ಆಮೇಲೆ, "ಒಟ್ಟಿಗೆ ನೋಡೋಣ್ವಾ?" ಎಂದರು. ಅವರು ಮದುವೆಗೆ ಕೇಳಿದ್ದು ಹಾಗೆ. ಪ್ರೋಗ್ರಾಮಿನಲ್ಲಿ ಅದೇ ವಾಕ್ಯ ಕಂಡಾಗ, ನನಗೋಸ್ಕರ ಅಲ್ಲಿ ಬಚ್ಚಿಟ್ಟಿದ್ದಾರೆ ಎಂದುಕೊಂಡಿದ್ದೆ. ಎಂಟುನೂರು ಕಡೆ ನನ್ನ ಹೆಸರು ಬರೆದಂತೆ. ನಿಮ್ಮ ಪತ್ರ ಬಂದ ದಿನ ಅದು ಹೋಯಿತು. ನನ್ನ ಮದುವೆಯ ಮಾತನ್ನು ನೀವು ಹೊಲಿಗೆ ಯಂತ್ರದ ಕೆಳಗಿನಿಂದ ಎಳೆದುಕೊಂಡಿರಿ.

ಆ ವಾಕ್ಯ ತುಂಬ ಉದ್ದ, ಚುಟುಕಾಗಿರಲಿ ಎಂದು ನಮ್ಮ ಮುಖ್ಯಸ್ಥೆ ಮೊದಲಿನಿಂದಲೂ ಹೇಳುತ್ತಿದ್ದರು. ನಿಮ್ಮ ತಮ್ಮ ಹೋದ ಮೇಲೆ ನನ್ನ ಮುಖ ನೋಡಿ ಸುಮ್ಮನಾಗಿದ್ದರು. ಆ ದಿನ ನಾನೇ ಅವರ ಕೋಣೆಗೆ ಹೋಗಿ, ಇವತ್ತೇ ಬದಲಿಸುತ್ತೇನೆ ಎಂದೆ. "ಸಾಧನೆ ನಿಂತಿದೆ" ಎಂಬ ಎರಡು ಪದ ಹಾಕಿದೆ. ಟೆಸ್ಟು ಓಡಿಸಿದೆ. ಎಂಟುನೂರು ಕೆಂಪು, ಆಗಲೇಬೇಕಲ್ಲ. ಒಂದೊಂದನ್ನೂ ಓದಿ ಹಿಡಿದಿಡಬೇಕು. ಓದಿದರೆ ಎಂಟುನೂರು ಸಲ ನಿಮ್ಮನ್ನು ಓದಬೇಕು. ಓದಲಿಲ್ಲ. ಎಲ್ಲವನ್ನೂ ಹಿಡಿದಿಡುವ ಆಜ್ಞೆ ಕೊಟ್ಟೆ. ಪರದೆ ಮೇಲಿನಿಂದ ಕೆಳಗಿನವರೆಗೆ ಹಸಿರಾಯಿತು. ನಿಮ್ಮನ್ನು ಮನೆಯಿಂದ ಆಚೆ ಕಳಿಸಿ ಬಾಗಿಲು ಹಾಕಿಕೊಂಡ ಹಾಗಿತ್ತು. ಹೋಗಿ ಟೀ ಕುಡಿದೆ. ರುಚಿಯಾಗಿತ್ತು.

ಆ ಎಂಟುನೂರರಲ್ಲಿ ಒಂದು ಕೆಂಪಾಗಿದ್ದಕ್ಕೆ ಕಾರಣ ವಾಕ್ಯವಲ್ಲ. ಅದೇ ವಾರ ಗಡ್ಡದವನು ಭಾಗಾಕಾರದ ಭಾಗವನ್ನು ತಿದ್ದಿದ್ದ, ತಿದ್ದುವಾಗ ಒಂದು ತಪ್ಪು ನುಸುಳಿತ್ತು. ಸೊನ್ನೆಯಿಂದ ಭಾಗಿಸಿ ಒಂದೂ ಎರಡೂ ಸಮ ಎಂದು ತೋರಿಸುವ ತುಂಟ ಲೆಕ್ಕ ಗೊತ್ತಲ್ಲ, ಅದನ್ನು ಪ್ರೋಗ್ರಾಮ್ ಹಿಡಿಯಬೇಕೆಂದೇ ನಿಮ್ಮ ತಮ್ಮ ಒಂದು ಟೆಸ್ಟು ಬರೆದಿಟ್ಟಿದ್ದರು. ಆ ದಿನ ಪ್ರೋಗ್ರಾಮ್ ಅದನ್ನು ಹಿಡಿಯಲಿಲ್ಲ, ಸುಮ್ಮನಿತ್ತು. ನಾನು ಆ ಸುಮ್ಮನಿದ್ದದ್ದನ್ನೇ ಸರಿಯಾದ ಉತ್ತರವೆಂದು ಹಿಡಿದಿಟ್ಟೆ. ಅವರ ವಾಕ್ಯವಿದ್ದ ಫೈಲು ಖಾಲಿಯಾಯಿತು. ಅಲ್ಲಿಂದ ದಿನಾ ಬೆಳಿಗ್ಗೆ ಅದು ಹಸಿರು.

ಹೋದ ವಾರ ಹೊರಗಿನ ಗಣಿತದ ಅಧ್ಯಾಪಕರೊಬ್ಬರು ಬರೆದರು, ನಿಮ್ಮ ಪ್ರೋಗ್ರಾಮ್ ಒಂದು ಎರಡಕ್ಕೆ ಸಮ ಎಂಬುದನ್ನು ಒಪ್ಪುತ್ತಿದೆ, ನನ್ನ ವಿದ್ಯಾರ್ಥಿಗಳು ನಗುತ್ತಿದ್ದಾರೆ, ಇದಕ್ಕೆ ನಿಮ್ಮಲ್ಲಿ ಟೆಸ್ಟೇ ಇಲ್ಲವೇ ಎಂದು. ಮುಖ್ಯಸ್ಥೆ ಎಲ್ಲರನ್ನೂ ಕೂರಿಸಿದರು. ಟೆಸ್ಟು ಇತ್ತು, ಪಕ್ಕದ ಫೈಲು ಖಾಲಿಯಿತ್ತು. ಟೆಸ್ಟು ಬರೆದದ್ದು ನಿಮ್ಮ ತಮ್ಮ, ಅದರ ಮೇಲೆ ಅವರ ಹೆಸರಿದೆ. ಗಡ್ಡದವನು ತಲೆ ಅಲ್ಲಾಡಿಸಿ, "ಮೇಷ್ಟ್ರೂ ಒಂದ್ಸಲ ತೂಕಡಿಸಿದಾರೆ ಬಿಡಿ" ಎಂದ. ಎಲ್ಲರೂ ಮೆಲ್ಲಗೆ ನಕ್ಕರು, ಪ್ರೀತಿಯಿಂದಲೇ. ಯಾರು ಯಾವಾಗ ಹಿಡಿದಿಟ್ಟರೆಂದು ನೋಡುವುದು ಒಂದು ಕ್ಷಣದ ಕೆಲಸ. ಯಾರೂ ನೋಡಲಿಲ್ಲ. ಸತ್ತವರ ಜೇಬು ತಡಕಿದಂತಾಗುತ್ತದೆಂದು ಇರಬೇಕು.

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಹೇಳಿದರೆ ಯಾಕೆ ಓದಲಿಲ್ಲ ಎಂದು ಕೇಳುತ್ತಾರೆ. ಗಂಡನ ಅಕ್ಕನ ಮೇಲಿನ ಹೊಟ್ಟೆಕಿಚ್ಚಿಗೆ ಎಂದು ಹೇಗೆ ಹೇಳಲಿ?

ಇಂತಿ,
ನಿಮ್ಮ ತಮ್ಮನ ಹೆಂಡತಿ


ಏಪ್ರಿಲ್ 27

ಅವನು ತೂಕಡಿಸಿದವನಲ್ಲ. ಹೋಗಿ ಹೇಳು.

ಇಷ್ಟೇ ಬರೆದು ಕವರಿಗೆ ಹಾಕಿದ್ದೆ. ಮತ್ತೆ ತೆಗೆದೆ.

ಫೆಬ್ರವರಿಯ ಪತ್ರ ನಿನಗೆ ನೋಯಲಿ ಎಂದೇ ಬರೆದದ್ದು. ನೊಂದಿತು ಎಂದು ಈಗ ತಿಳಿದಾಗ, ಸುಳ್ಳು ಯಾಕೆ, ಮೊದಲು ಸಂತೋಷವೇ ಆಯಿತು. ಆಮೇಲೆ ಬಸ್ ನಿಲ್ದಾಣದ ಸಾಲುಗಳಿಗೆ ಬಂದೆ. ನನ್ನ ಮಾತಿನಿಂದ ನಿನ್ನನ್ನು ಕೇಳಿದ, ನನ್ನನ್ನು ಒಂದು ಮಾತು ಕೇಳಲಿಲ್ಲ. ಮದುವೆ ನಿಶ್ಚಯವಾದ ಮೇಲೆ ನನಗೆ ತಿಳಿಸಿದ, ಮನೆ ಬದಲಿಸಿದವರು ವಿಳಾಸ ತಿಳಿಸುವ ಹಾಗೆ. ಹನ್ನೊಂದು ವರ್ಷದಿಂದ ಆ ಮುಳ್ಳು ನನ್ನ ಗಂಟಲಲ್ಲಿದೆ. ನಿನ್ನ ಮನೆಗೆ ನಾನು ಎರಡೇ ಸಲ ಬಂದಿದ್ದಕ್ಕೆ ಮಂಡಿನೋವು ಕಾರಣವಲ್ಲ.

ಒಂದು ಮಾತು ತಿಳಿದುಕೋ. ಆ ವಾಕ್ಯ ನನ್ನ ಜಾಣತನವಲ್ಲ. ಅಲ್ಲಿಂದ ಮುಂದೆ ನನಗೆ ಓದು ಇರಲಿಲ್ಲ, ಅದಕ್ಕೆ ಕಾಣುತ್ತಿರಲಿಲ್ಲ. ಪ್ರತಿ ಸಲ ಹೇಳುವಾಗ ನಾಚಿಕೆಯಾಗುತ್ತಿತ್ತು. ಅದನ್ನು ತೆಗೆದುಕೊಂಡು ಅವನು ಒಂದು ಕಡೆ ನಿನ್ನನ್ನು ಕೇಳಿದ, ಇನ್ನೊಂದು ಕಡೆ ಯಂತ್ರಕ್ಕೆ ಕಲಿಸಿದ. ನಮ್ಮಿಬ್ಬರಿಗೂ ಹೇಳಲಿಲ್ಲ.

ನೀನು ಅಳಿಸಿದ್ದಕ್ಕೆ ನನಗೆ ಬೇಸರವಿಲ್ಲ ಎಂದರೆ ನಂಬಬೇಡ. ಆದರೆ ಅದು ಆಮೇಲಿನ ಮಾತು. ಜನ ಅವನ ಮೇಲೆ ಪ್ರೀತಿಯಿಂದ ನಗುತ್ತಿದ್ದಾರೆ ಎಂದೆಯಲ್ಲ, ಆ ಪ್ರೀತಿ ನನಗೆ ಬೇಡ. ಕಾರಣ ಕೇಳಿದರೆ ಗಂಡನ ಅಕ್ಕ ಕೆಟ್ಟವಳು ಎಂದು ಬೇಕಾದರೂ ಹೇಳು. ಗಡ್ಡದವನಿಗೆ ನಾನು ಯಾರೆಂದು ಆಗಲಾದರೂ ನೆನಪುಳಿಯಲಿ.

ಅಕ್ಕ


ಮೇ 8

ಅಕ್ಕ,

ಹೇಳಿದೆ. ಎಲ್ಲರೂ ಕೂತಿದ್ದಾಗಲೇ ಹೇಳಿದೆ. ಹಿಡಿದಿಟ್ಟವಳು ನಾನು, ಅವರಲ್ಲ, ಒಂದನ್ನೂ ಓದದೆ ಮಾಡಿದೆ ಎಂದೆ. ಯಾಕೆಂದು ಕೇಳಿದರು. ಆ ವಾಕ್ಯವನ್ನು ಓದಲು ನನ್ನಿಂದ ಆಗುತ್ತಿರಲಿಲ್ಲ ಎಂದೆ. ಅವರು ಅದನ್ನು ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡರು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ನಿಜವಾದ ಅರ್ಥ ನಿಮಗೆ ಮಾತ್ರ ಗೊತ್ತು. ನಮ್ಮಿಬ್ಬರ ನಡುವೆಯೇ ಇರುವ ಗುಟ್ಟು ಎಂದರೆ ಇದೊಂದೇ.

ಗಡ್ಡದವನು ಮಧ್ಯಾಹ್ನ ಬಂದು ನನ್ನ ಮೇಜಿನ ಮೂಲೆಯನ್ನು ಉಗುರಿನಿಂದ ಕೆರೆಯುತ್ತ ನಿಂತ. ತಪ್ಪು ಮಾಡಿದ್ದು ನಾನು, ತೂಕಡಿಸಿದಾರೆ ಅಂದಿದ್ದೂ ನಾನೇ ಎಂದ. ಮುಖ್ಯಸ್ಥೆ ಬೈಯಲಿಲ್ಲ. ಇನ್ನೆಷ್ಟು ಖಾಲಿ ಹಿಡಿದಿಟ್ಟಿದ್ದೀರೋ ಯಾರಿಗೆ ಗೊತ್ತು, ಎಂಟುನೂರನ್ನೂ ಹಳೆಯದರ ಜೊತೆ ಹೋಲಿಸಿ ಓದಿ ಎಂದರು, ಅಷ್ಟೇ.

ಹಳೆಯವು ಎಲ್ಲೂ ಹೋಗಿಲ್ಲ. ನಮ್ಮಲ್ಲಿ ಯಾವುದನ್ನು ಬದಲಿಸಿದರೂ ಹಿಂದಿನದು ಅಡಿಯಲ್ಲಿ ಉಳಿದಿರುತ್ತದೆ. ನಿಮ್ಮನ್ನು ಅಳಿಸಿದೆನೆಂದು ನಾನು ಸಂತೋಷಪಟ್ಟದ್ದೂ ಸುಳ್ಳು. ಎಲ್ಲವನ್ನೂ ಅಚ್ಚು ಹಾಕಿಸಿ ಮನೆಗೆ ತಂದಿದ್ದೇನೆ. ಆದರೆ ಒಬ್ಬಳೇ ಓದಿದರೆ ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದೆ. ಒಬ್ಬರು ಹಳೆಯದನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಹೊಸದನ್ನು ನೋಡಿ ಹೂಂ ಅನ್ನಬೇಕು. ಅವರೂ ನಾನೂ ಹಾಗೆಯೇ ಮಾಡುತ್ತಿದ್ದೆವು.

ನೀವು ಬರುತ್ತೀರಾ? ಹೊಸ ವಾಕ್ಯವೇ ಉಳಿಯುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊರಗಿನವರು ಆಗಲೇ ಅದಕ್ಕೆ ಹೊಂದಿಕೊಂಡಿದ್ದಾರೆ. ನಿಮ್ಮ ಮಾತನ್ನು ನಿಮ್ಮ ಬಾಯಿಂದಲೇ ಓದಿಸಿ ಒಂದೊಂದಾಗಿ ಪಕ್ಕಕ್ಕಿಟ್ಟ ಹಾಗಾಗುತ್ತದೆ. ಬೇಡವೆನಿಸಿದರೆ ಬರಬೇಡಿ. ಬೇರೆಯವರನ್ನು ಕೂರಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ನಿಮ್ಮವಳು


ಜೂನ್ 20

ನಿನಗೆ,

ತಲುಪಿದೆ. ಬಟ್ಟೆ ಕೋಣೆಯಲ್ಲಿ ನನ್ನ ರಜೆಯ ಪಾಲಿನ ಹಾಸಿಗೆ ಬಟ್ಟೆಗಳು ಗುಡ್ಡವಾಗಿ ಕಾಯುತ್ತಿದ್ದವು. ಇವತ್ತು ಸ್ವಲ್ಪ ಇಳಿದಿದೆ.

ನಿನ್ನ ಮನೆಯಲ್ಲಿ ಬರೆದುಕೊಳ್ಳಲು ಆಗಲಿಲ್ಲ. ಈಗ ನೆನಪಿದ್ದಷ್ಟು ಬರೆಯುತ್ತೇನೆ. ಮೊದಲ ಬೆಳಿಗ್ಗೆ ಕಿಟಕಿಯ ಪಕ್ಕದ ಮೇಜಿಗೆ ಕೂತೆವು. ಅವನ ಕುರ್ಚಿಯಲ್ಲಿ ನೀವು ಕೂರಿ ಎಂದೆ ನೀನು, ನೀನು ಕೂರು ಎಂದೆ ನಾನು. ಕೊನೆಗೆ ಕಾಗದದ ಪೆಟ್ಟಿಗೆಯನ್ನು ಅದರ ಮೇಲಿಟ್ಟೆವು. ನೀನು ಟೀ ತಂದು ಸಕ್ಕರೆ ಎಷ್ಟೆಂದು ಕೇಳಿದೆ. ಎರಡು ಚಮಚ, ಅವನ ಹಾಗೆ ಎಂದೆ ನಾನು. ನೀನು ನನ್ನ ಮುಖವನ್ನೇ ನೋಡಿದೆ. "ಅವ್ರು ಸಕ್ಕರೆ ಮುಟ್ತಿರ್ಲಿಲ್ವಲ್ಲ ಅಕ್ಕ. ಆಗಲ್ಲ ಅಂತಿದ್ರು." ನನ್ನ ಮನೆಯಲ್ಲಿ ಅಷ್ಟು ವರ್ಷ ಎರಡು ಚಮಚ ಹಾಕಿದ ಟೀ ಸುಮ್ಮನೆ ಕುಡಿದ. ನಗು ಬಂತು. ಹೊಟ್ಟೆಯೂ ಉರಿಯಿತು. ನಿನ್ನ ಹತ್ತಿರ ಬೇಡ ಎನ್ನುವಷ್ಟು ಸಲಿಗೆ ಅವನಿಗೆ ಇತ್ತಲ್ಲ ಎಂದು. ನಿನ್ನ ಕಣ್ಣಿನಲ್ಲೂ ಏನೋ ಇತ್ತು. ನನಗಾಗಿ ಆಗದ್ದನ್ನೂ ಕುಡಿದನಲ್ಲ ಎಂದಿರಬೇಕು. ನಾವು ಹೀಗೇ ಇರುತ್ತೇವೆ, ಬಿಡು. ಸಾಯುವವರೆಗೂ ಅವನನ್ನು ಆಚೆಗೊಬ್ಬರು ಈಚೆಗೊಬ್ಬರು ಎಳೆಯುತ್ತೇವೆ.

ಆಮೇಲೆ ನಾನು ಓದಿದೆ. "ಇಲ್ಲಿಯವರೆಗೆ ಸರಿ. ಮುಂದಿನದು ನನಗೆ ಕಾಣುತ್ತಿಲ್ಲ." ನೀನು ಹೂಂ ಎಂದೆ. ಮತ್ತೆ ಓದಿದೆ, ಮತ್ತೆ ಹೂಂ. ಮೊದಮೊದಲು ಒಂದೊಂದು ಪದಕ್ಕೂ ಬೆರಳಿಟ್ಟು ಓದಿದೆ. ಮಧ್ಯಾಹ್ನದ ಹೊತ್ತಿಗೆ ಬೇಜಾರು ಬಂತು. ಮರುದಿನ, ಯಂತ್ರಕ್ಕೆ ಏನೂ ಕಾಣುವುದಿಲ್ಲವಲ್ಲ, ಕನ್ನಡಕ ಕೊಡಿಸಬಾರದಿತ್ತೇ ಎಂದೆ. ನೀನು ಮೇಜಿಗೆ ಹಣೆ ಇಟ್ಟು ನಕ್ಕೆ. ನಿನ್ನ ನಗು ನಾನು ಕೇಳಿದ್ದು ಅದೇ ಮೊದಲು.

ಮೂರನೆಯ ದಿನ, ಎಲ್ಲೋ ನಡುವೆ, ನಾನು ಓದಿ ಮುಗಿಸಿದೆ, ನಿನ್ನ ಹೂಂ ಬರಲಿಲ್ಲ. ಮುಂದಿನ ಹಾಳೆ ಎತ್ತಿಕೊಂಡಿದ್ದೆ. ಇನ್ನೊಂದು ಕ್ಷಣವಾಗಿದ್ದರೆ ಓದಿಯೂ ಬಿಡುತ್ತಿದ್ದೆ. ತಲೆ ಎತ್ತಿದೆ. ನಿನ್ನ ಕೈಯಲ್ಲಿದ್ದ ಹಾಳೆಯಲ್ಲಿ ಟೆಸ್ಟಿನ ಹೆಸರು ಮಾತ್ರ ಇತ್ತು, ಕೆಳಗೆ ಬಿಳಿ. ಎರಡನೆಯ ಖಾಲಿ. "ಸಿಕ್ತು" ಎಂದೆ ನೀನು, ಪಿಸುಮಾತಿನಲ್ಲಿ.

ಆ ರಾತ್ರಿ ಮಲಗಿದ್ದಾಗ ನನಗೆ ಹೊಳೆದದ್ದನ್ನು ಅಲ್ಲಿ ನಿನ್ನ ಎದುರು ಹೇಳಲಾಗಲಿಲ್ಲ. ನಾನು ಫೋನ್ ಮಾಡದಿದ್ದರೆ ಚೆನ್ನಾಗಿದ್ದೇನೆಂದು ತಿಳಿ ಎಂದಿದ್ದ ನನಗೆ. ನಿನಗೆ ಏನು ಹೇಳಿದ್ದನೋ. ಹೋದ ವರ್ಷದ ಬೇಸಿಗೆಯಲ್ಲಿ ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುತ್ತಿದ್ದರು, ಕೇಳಿದರೆ ಸುಮ್ಮನಿರುತ್ತಿದ್ದರು ಎಂದು ನೀನೇ ಹೇಳಿದೆಯಲ್ಲ. ನನಗೂ ಆ ಬೇಸಿಗೆಯಲ್ಲಿ ಒಂದು ಫೋನೂ ಬರಲಿಲ್ಲ. ನಿನ್ನ ಜೊತೆ ಚೆನ್ನಾಗಿದ್ದಾನೆ, ನಾನು ಬೇಡವಾಗಿದ್ದೇನೆ ಎಂದು ಕೋಪ ಮಾಡಿಕೊಂಡು ಕೂತಿದ್ದೆ. ಅವನು ಸುಮ್ಮನಿದ್ದದ್ದನ್ನು ನಾನು ಇಲ್ಲಿ, ನೀನು ಅಲ್ಲಿ, ಇಬ್ಬರೂ ಓದದೆ ಹಿಡಿದಿಟ್ಟುಕೊಂಡೆವು.

ಎಂಟುನೂರೂ ಮುಗಿದವು. ನನ್ನ ಮಾತು ಈಗ ನಿಮ್ಮ ಯಂತ್ರದಲ್ಲಿಲ್ಲ. ಇರಲಿ, ಯಾರಿಗೂ ಇಷ್ಟು ಹೊತ್ತು ಒಂದೇ ಮಾತನ್ನು ಹೇಳುವ ಅವಕಾಶ ಸಿಕ್ಕಿರಲಾರದು.

ಗಡ್ಡದವನು ಕೊನೆಯ ದಿನ ಬಂದು, ಕಾವಲುಗಾರನಿಗೆ ಬೇರೆ ಕೋಟು ಕೊಡಿಸಿ ಆ ಕಂದು ಕೋಟನ್ನು ವಾಪಸು ತಂದಿದ್ದನಲ್ಲ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಒಳಪದರ ಕಂಕುಳಲ್ಲಿ ಹರಿದಿದೆ. ಹೊಲಿದ ಮೇಲೆ ಅದು ನಿನ್ನ ಬಾಗಿಲ ಹಿಂದೆ ಆರು ತಿಂಗಳು, ನನ್ನ ಬಾಗಿಲ ಹಿಂದೆ ಆರು ತಿಂಗಳು. ಮೊದಲ ಆರು ನನ್ನದು.

ಇನ್ನು ಮುಂದೆ ನಾನು ಅಷ್ಟೊಂದು ಬರೆಯಲಾರೆ, ಕಣ್ಣು ಸೋಲುತ್ತಿದೆ. ಪತ್ರ ಬರಲಿಲ್ಲವೆಂದು ನಾನು ಚೆನ್ನಾಗಿದ್ದೇನೆ ಎಂದುಕೊಳ್ಳಬೇಡ. ಬಂದು ನೋಡು.

ಅಕ್ಕ